ಅಗ್ರಿಮೆಂಟ್‌ಗೆ ಸಹಿ ಹಾಕಿದ್ದೇನೆ, ಇನ್ನೂ ಆ ಬಾಡಿಗೆ ಮನೆಗೆ ಹೋಗಿಲ್ಲ. ಈಗ ಬೇಡ ಅನ್ನಬಹುದಾ?

ಅನ್ನಬಹುದು. ಆದರೆ "ಇನ್ನೂ ಕಾಲೇ ಇಟ್ಟಿಲ್ಲ, ಏನೂ ಕೊಡಬೇಕಾಗಿಲ್ಲ ಅಲ್ವಾ" ಅಂತ ಅಂದುಕೊಂಡಿದ್ದರೆ ಆ ನಂಬಿಕೆ ಬಿಡಿ. ನಿಮ್ಮನ್ನು ಕಟ್ಟಿಹಾಕುವುದು ಸಹಿ, ಸಾಮಾನು ಇಳಿಸಿದ್ದಲ್ಲ. ಸಹಿ ಹಾಕಿದ ಮೇಲೂ ಕೆಲವು ದಿನದೊಳಗೆ ಸುಮ್ನೆ ರದ್ದು ಮಾಡಬಹುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಗ್ರಿಮೆಂಟಿನಲ್ಲಿ ಹಾಗೆ ಬರೆದಿದ್ದರೆ ಅಥವಾ ನೀವಿರುವ ಕಡೆಯ ಕಾನೂನಿನಲ್ಲಿ ಇದ್ದರೆ ಮಾತ್ರ ಅದು ನಡೆಯುತ್ತದೆ.

ನಾನು ಮನೆ ಬಾಡಿಗೆಗೆ ಕೊಡುವವಳು. ನೀವು ಬರಲಿಲ್ಲ ಅನ್ನೋದಕ್ಕಿಂತ ಮನೆ ಖಾಲಿ ಬೀಳುತ್ತಲ್ಲ ಅನ್ನೋದೇ ನಮ್ಮ ಚಿಂತೆ, ನಿಮಗೆ ಮಾತು ಕೊಟ್ಟ ಮೇಲೆ ಕೇಳಿಕೊಂಡು ಬಂದವರನ್ನೆಲ್ಲ ವಾಪಸ್ ಕಳಿಸಿರುತ್ತೇವೆ. ಒಮ್ಮೆ ನನ್ನ ಮನೆಗೆ ಬರಬೇಕಿದ್ದವರು ತಮಗೆ ವರ್ಗವಾದ ವಿಷಯ ಗೊತ್ತಾದ ದಿನವೇ ಫೋನ್ ಮಾಡಿದರು, ಮೊದಲು ಮನೆ ನೋಡಿಹೋಗಿದ್ದ ಇನ್ನೊಬ್ಬರು ಇನ್ನೂ ಹುಡುಕುತ್ತಲೇ ಇದ್ದರು, ಅವರೇ ಬಂದರು, ಹಾಗಾಗಿ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆ. ಬಾಡಿಗೆ ಶುರುವಾಗುವ ಹಿಂದಿನ ದಿನ ಹೇಳಿದ್ದರೆ ನಾನು ಖಂಡಿತ ಹಣ ಹಿಡಿಯುತ್ತಿದ್ದೆ.

ಅದಕ್ಕೇ ಇವತ್ತೇ ಹೇಳಿ. ಮೊದಲು ಫೋನ್ ಮಾಡಿ, ಆಮೇಲೆ ಅದೇ ಮಾತನ್ನು ಮೆಸೇಜಿನಲ್ಲೋ ಇಮೇಲಿನಲ್ಲೋ ಬರೆದು ಕಳಿಸಿ. ಕೀ ಮಾತ್ರ ತೆಗೆದುಕೊಳ್ಳಬೇಡಿ, ಅದು ಕೈಗೆ ಬಂದರೆ ಮನೆ ನಿಮ್ಮ ವಶಕ್ಕೆ ಬಂತು ಅಂತ ಓನರ್ ವಾದ ಮಾಡಬಹುದು.

ಅಗ್ರಿಮೆಂಟಿನಲ್ಲಿ ನೋಟಿಸ್ ಎಷ್ಟು ದಿನ, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಅನ್ನುವ ಷರತ್ತು) ಇದೆಯಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಿಡಿಯುತ್ತಾರೆ ನೋಡಿ. ಏನೂ ಬರೆದಿಲ್ಲ ಅಂದರೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳುವುದೇ ಒಳ್ಳೆಯ ದಾರಿ, ಆಗ "ನಾನೇ ಬೇರೆಯವರನ್ನು ಹುಡುಕಿಕೊಡುತ್ತೇನೆ" ಅನ್ನುವ ಮಾತಿಗೆ ತುಂಬಾ ಬೆಲೆ ಇದೆ. ಓನರ್ ಪೂರ್ತಿ ಅವಧಿಯ ಬಾಡಿಗೆ ಕೊಡಿ ಅಂತ ಹೆದರಿಸಿದರೆ ತಕ್ಷಣ ಒಪ್ಪಬೇಡಿ. ಎಷ್ಟೋ ಕಡೆ ಮನೆಯನ್ನು ಬೇಕಂತಲೇ ಖಾಲಿ ಇಟ್ಟುಕೊಂಡು ಹಾಗೆ ಕೇಳುವಂತಿಲ್ಲ, ಬೇರೆ ಬಾಡಿಗೆದಾರರನ್ನು ಹುಡುಕುವ ಪ್ರಯತ್ನ ಅವರೂ ಮಾಡಬೇಕು. ದೊಡ್ಡ ಮೊತ್ತವಾದರೆ ಸಹಿ ಹಾಕಿದ ಪ್ರತಿಯನ್ನು ವಕೀಲರಿಗೆ ತೋರಿಸಿ.

ಮನೆಯಲ್ಲೇ ದೋಷ ಇದ್ದರೆ, ಅಂದರೆ ಹೇಳಿದ ದಿನಕ್ಕೆ ಬಿಟ್ಟುಕೊಡದಿದ್ದರೆ ಅಥವಾ ವಾಸಕ್ಕೆ ಯೋಗ್ಯವಾಗಿಲ್ಲದಿದ್ದರೆ, ನಿಮ್ಮ ಪಕ್ಷ ಗಟ್ಟಿ. ಫೋಟೋ ತೆಗೆದಿಟ್ಟುಕೊಳ್ಳಿ.

ಒಪ್ಪಂದಕ್ಕೆ ಬಂದ ಮೇಲೆ ಅಗ್ರಿಮೆಂಟ್ ರದ್ದಾಗಿದೆ, ಇಷ್ಟು ಹಣ ಈ ದಿನ ವಾಪಸ್, ಬೇರೇನೂ ಬಾಕಿ ಇಲ್ಲ ಅಂತ ಬರೆಸಿ ಇಬ್ಬರೂ ಸಹಿ ಹಾಕಿ. ಜೊತೆಗಿರಬೇಕಿದ್ದ ಗೆಳೆಯರ ಹೆಸರೂ ಅಗ್ರಿಮೆಂಟಿನಲ್ಲಿದ್ದರೆ ಅವರ ಸಹಿಯೂ ಬೇಕು.