ಅಳತೆ ಸರಿ ಇದೆ, ಕೈ ಮಾತ್ರ ಮೇಲೇಳುತ್ತಿಲ್ಲ

ಪ್ರಶ್ನೆ: ನಮ್ಮ ತಂಡ 1885ರ ಲಂಡನ್ನಿನಲ್ಲಿ ನಡೆಯುವ ನಾಟಕ ಆಡುತ್ತಿದೆ. ನಾಯಕಿಯ ಬಾಡಿಸ್, ಅಂದರೆ ಲಂಗದ ಮೇಲೆ ತೊಡುವ ಬಿಗಿ ಮೇಲಂಗಿ, ನಾನೇ ಹೊಲಿದೆ. ರವಿಕೆ ಹೊಲಿದು ಹತ್ತು ವರ್ಷದ ಅನುಭವ ಇದೆ. ಎದೆ 36, ಸೊಂಟ 28, ಟೇಪು ಹಿಡಿದರೆ ಎಲ್ಲ ಸರಿ. ಆದರೆ ತೊಟ್ಟಾಗ ಹಿಂದುಗಡೆ ಸೊಂಟದ ಹತ್ತಿರ ಅಡ್ಡ ಸುಕ್ಕು ಬರುತ್ತೆ. ಕೈ ಎತ್ತಿದರೆ ಇಡೀ ಅಂಗಿ ಮೇಲೆ ಸರಿಯುತ್ತೆ. ರೇಷ್ಮೆ ಕತ್ತರಿಸಿ ಆಗಿದೆ. ಉಳಿಸಬಹುದಾ?

ಉತ್ತರ: ಉಳಿಸಬಹುದು. ಮೊದಲು ಇದನ್ನು ಹೇಳಿ, ಅಳತೆ ತೆಗೆದಾಗ ಅವರು ಒಳಗೆ ಏನು ತೊಟ್ಟಿದ್ದರು? ಬ್ರಾ ಮೇಲೆ ತೆಗೆದ 36 ಬೇರೆ, ಕಾರ್ಸೆಟ್, ಅಂದರೆ ದಾರ ಎಳೆದು ಬಿಗಿಯುವ ಗಟ್ಟಿ ಒಳ ಉಡುಪಿನ ಮೇಲೆ ತೆಗೆದ 36 ಬೇರೆ. ಕಾರ್ಸೆಟ್ ಎದೆಯನ್ನು ಎತ್ತುತ್ತೆ, ಪಕ್ಕೆಯನ್ನು ದುಂಡಗೆ ಮಾಡುತ್ತೆ, ಬೆನ್ನನ್ನು ನೆಟ್ಟಗೆ ನಿಲ್ಲಿಸುತ್ತೆ. ಜೊತೆಗೆ 1883ರ ಹೊತ್ತಿಗೆ ಬಸಲ್ ಮತ್ತೆ ಚಾಲ್ತಿಗೆ ಬಂದಿತ್ತು. ಸೊಂಟದ ಕೆಳಗೆ ಲಂಗವನ್ನು ನೇರ ಹಿಂದಕ್ಕೆ ಚಾಚಿ ಹಿಡಿಯುವ ಚೌಕಟ್ಟು ಅದು. ಆ ಕಾಲದ ಮೇಲಂಗಿ ಕತ್ತರಿಸುತ್ತಿದ್ದುದು ಈ ಮೈಗೆ. ಹಾಗಾಗಿ ಕಾರ್ಸೆಟ್, ಬಸಲ್, ಒಳಲಂಗ ಎಲ್ಲ ತೊಡಿಸಿಯೇ ಮತ್ತೆ ಟೇಪು ಹಿಡಿಯಿರಿ.

ನಿಮ್ಮ ಅಡ್ಡ ಸುಕ್ಕಿಗೂ ಬಹುಶಃ ಇದೇ ಕಾರಣ. ಸೊಂಟದಿಂದ ಕೆಳಗೆ ಅಂಗಿಗೆ ಬಸಲ್ ಮೇಲೆ ಹರಡಿಕೊಳ್ಳಲು ಜಾಗ ಇಲ್ಲ. ಅದಕ್ಕೆ ಮೇಲೆ ಏರಿ ಸೊಂಟದಲ್ಲಿ ಮಡಿಸಿಕೊಳ್ಳುತ್ತೆ. ಹಿಂದಿನ ಹೊಲಿಗೆಗಳನ್ನು ಸೊಂಟದಿಂದ ಅಂಚಿನವರೆಗೆ ಬಿಚ್ಚಿ. ಸುಕ್ಕು ತಾನಾಗೇ ಇಳಿದರೆ ರೋಗ ಅದೇ. ಆ ಕಾಲದ ಎಷ್ಟೋ ಮೇಲಂಗಿಗಳಲ್ಲಿ ಅಲ್ಲಿ ಹೊಲಿಗೆ ಹಾಕದೆ, ಬಟ್ಟೆಯನ್ನು ನೆರಿಗೆಯಾಗಿ ಬಸಲ್ ಮೇಲೆ ಇಳಿಬಿಡುತ್ತಿದ್ದರು.

ಒಳಗೆ ಸೊಂಟದ ಪಟ್ಟಿ ಹಾಕಿದ್ದೀರಾ? ಒಂದಿಂಚಿನ ಗಟ್ಟಿ ಪಟ್ಟಿ. ಅದನ್ನು ಹಿಂಭಾಗದ ಹೊಲಿಗೆಗಳಿಗೆ ಮಾತ್ರ ಹೊಲಿದು, ಮುಂದುಗಡೆ ಸಡಿಲ ಬಿಡಬೇಕು. ತೊಡುವಾಗ ಮೊದಲು ಇದರ ಹುಕ್ಕು, ಆಮೇಲೆ ಗುಂಡಿ. ಅಂಗಿ ಸೊಂಟ ಬಿಟ್ಟು ಏಳದಂತೆ ಹಿಡಿಯುವುದು ಈ ಪಟ್ಟಿಯೇ. ಪ್ಯಾರಿಸ್ಸಿನ ಹೆಸರಾಂತ ದರ್ಜಿ ಚಾರ್ಲ್ಸ್ ಫ್ರೆಡ್ರಿಕ್ ವರ್ತ್ ಅವರ ಉಡುಪುಗಳಲ್ಲಿ ಅಂಗಡಿಯ ಹೆಸರನ್ನೂ ಈ ಪಟ್ಟಿಯಲ್ಲೇ ನೇಯಿಸಿರುತ್ತಿದ್ದರು.

ಇನ್ನು ಕೈ. ಇಲ್ಲಿ ರವಿಕೆಯ ಅಭ್ಯಾಸ ದಾರಿ ತಪ್ಪಿಸಿರಬಹುದು. ಕೈ ಎತ್ತಲು ಕಷ್ಟ ಅಂದ ಕೂಡಲೇ ನಾವು ಆರ್ಮ್‌ಹೋಲನ್ನು, ಅಂದರೆ ತೋಳು ಕೂರಿಸುವ ಸುತ್ತನ್ನು, ಇನ್ನಷ್ಟು ಕೆಳಗೆ ಕತ್ತರಿಸುತ್ತೇವೆ, ಅಲ್ವಾ? ದಯವಿಟ್ಟು ಮಾಡಬೇಡಿ. ಅದು ಕೆಳಗಿದ್ದಷ್ಟೂ ತೋಳು ಅಂಗಿಯ ಪಕ್ಕೆಯನ್ನೇ ಎಳೆಯುತ್ತೆ. 1880ರ ದಶಕದ ಅಂಗಿಗಳ ಆರ್ಮ್‌ಹೋಲ್ ಚಿಕ್ಕದು, ಕಂಕುಳಿಗೆ ತಾಗುವಷ್ಟು ಮೇಲೆ. ಆಗ ತೋಳು ಮಾತ್ರ ಆಡುತ್ತೆ, ಅಂಗಿ ಜಾಗ ಬಿಡಲ್ಲ. ಒಂದು ತುಂಡು ಕೋರಾ ಬಟ್ಟೆಯನ್ನು ಕಂಕುಳ ಕೆಳಗೆ ಪಿನ್ ಮಾಡಿ, ಅರ್ಧ ಇಂಚು ಅರ್ಧ ಇಂಚಾಗಿ ಏರಿಸುತ್ತಾ ಕೈ ಎತ್ತಿಸಿ ನೋಡಿ. ಎಲ್ಲಿ ಸರಿ ಬಂತೋ ಅಲ್ಲಿಗೆ ಉಳಿದ ರೇಷ್ಮೆಯ ತುಂಡು ಜೋಡಿಸಿ, ತೋಳನ್ನು ಹೊಸದಾಗಿ ಕೂರಿಸಿ. ತುಂಡು ಸೇರಿಸಿದ್ದು ಕಾಣುತ್ತೆ ಅಂತ ಬೇಜಾರು ಬೇಡ. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಹಾಗೆ ಜೋಡಿಸುವುದು ಮಾಮೂಲು.

ಮುಂದಿನ ಅಂಗಿಗೆ ರೇಷ್ಮೆ ಮುಟ್ಟುವ ಮೊದಲು ಕೋರಾದಲ್ಲೇ ಒಂದು ಅಂಗಿ ಪೂರ್ತಿ ಹೊಲಿಯಿರಿ. ಹೊಲಿಗೆಯಾಚೆ ಒಂದಿಂಚು ಹೆಚ್ಚು ಬಟ್ಟೆ (ಮಾರ್ಜಿನ್), ಉದ್ದನೆಯ ಕಚ್ಚಾ ಹೊಲಿಗೆ. ಟೇಪು ಸುತ್ತಳತೆ ಹೇಳುತ್ತೆ, ಮೈ ಎಲ್ಲಿ ತುಂಬಿದೆ ಅನ್ನುವುದನ್ನು ಹೇಳಲ್ಲ. ಒಬ್ಬರ 36ರಲ್ಲಿ ಬೆನ್ನು ಅಗಲ, ಇನ್ನೊಬ್ಬರ 36ರಲ್ಲಿ ಎದೆ ಜಾಸ್ತಿ. ಕೋರಾ ಅಂಗಿ ತೊಡಿಸಿದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತೆ.

ಅದನ್ನು ತೊಡಿಸುವಾಗ ಹೊಲಿಗೆ ಹೊರಗೆ ಕಾಣಲಿ ಅಂತ ಒಳಮೈ ಹೊರಗೆ ಮಾಡುವುದುಂಟು. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಆ ನಟಿಯ ಬಲಭುಜ ಎಡಕ್ಕಿಂತ ಅರ್ಧ ಇಂಚು ಕೆಳಗಿತ್ತು. ಭುಜದಲ್ಲಿ ಅಷ್ಟು ಬಟ್ಟೆ ಹಿಡಿದು ಪಿನ್ ಹಾಕಿದೆ, ಹೊಲಿದೆ. ಅಂಗಿ ಸರಿಮಾಡಿ ತೊಡಿಸಿದಾಗ ತಗ್ಗಿಸಿದ ಭುಜ ಎಡಕ್ಕೆ ಬಂದಿತ್ತು. ಬಲಗಡೆ ಬಟ್ಟೆ ಸುಮ್ನೆ ಎದ್ದು ನಿಂತಿತ್ತು, ಎಡಗಡೆ ಕತ್ತಿನವರೆಗೆ ಎಳೆತ. ಆಮೇಲಿಂದ ಅಂಗಿಯ ಮೇಲ್ಮೈ ಹೊರಗಿಟ್ಟು, ಮಾರ್ಜಿನ್ ಮಾತ್ರ ಹೊರಗೆ ನಿಲ್ಲುವ ಹಾಗೆ ಹೊಲಿದು ತೊಡಿಸುತ್ತೇನೆ. ಬಲಕ್ಕೆ ಹಾಕಿದ ಪಿನ್ ಬಲಕ್ಕೇ ಉಳಿಯುತ್ತೆ.

ಪ್ರಶ್ನೆ: ಇಂಥ ಅಂಗಿಯ ಹೊಲಿಗೆಗಳೊಳಗೆ ತಿಮಿಂಗಿಲದ ಮೂಳೆ ಇರುತ್ತಿತ್ತಂತೆ. ಈಗ ಬದಲಿಗೆ ಏನು ಹಾಕಲಿ?

ಉತ್ತರ: ಅದು ಮೂಳೆಯಲ್ಲ. ಹಲ್ಲಿಲ್ಲದ ತಿಮಿಂಗಿಲಗಳ ಬಾಯೊಳಗೆ ಬಾಚಣಿಗೆ ಹಾಗೆ ಸಾಲಾಗಿರುವ ಫಲಕ, ನಮ್ಮ ಉಗುರಿನ ಜಾತಿಯದು. ಮೇಲಂಗಿಗಾದರೆ ಹಾರ್ಡ್‌ವೇರ್ ಅಂಗಡಿಯ ಅಗಲ ಕೇಬಲ್ ಟೈ ಸಾಕು. ತುದಿ ದುಂಡಗೆ ಕತ್ತರಿಸಿ ಉಜ್ಜಿ, ಇಲ್ಲದಿದ್ದರೆ ಎರಡನೇ ಪ್ರದರ್ಶನದೊಳಗೆ ಬಟ್ಟೆ ತೂತಾಗುತ್ತೆ. ಕಾರ್ಸೆಟ್ಟಿಗೆ ಮಾತ್ರ ಉಕ್ಕಿನ ಪಟ್ಟಿಯನ್ನೇ ಹಾಕಿ. ಅದನ್ನು ತಾಲೀಮಿನ ದಿನಗಳಲ್ಲೇ ನಟಿಗೆ ತೊಡಿಸಿ. ಕುರ್ಚಿಯಲ್ಲಿ ಕೂರಲಿ, ಬಗ್ಗಿ ಟೀ ಬಗ್ಗಿಸಲಿ, ದೊಡ್ಡ ದನಿಯಲ್ಲಿ ಮಾತು ಹೇಳಲಿ. ಉಸಿರು ಕಟ್ಟಿದರೆ ದಾರವನ್ನು ಅಲ್ಲೇ ಸಡಿಲ ಮಾಡಿ. ಹಾಗೆ ಆರಾಮಾಗಿ ನಿಂತ ಸೊಂಟದ ಅಳತೆಯನ್ನೇ ಅಂಗಿಗೆ ಬರೆದುಕೊಳ್ಳಿ.