ಜ್ವಾಲಾಮುಖಿಯ ಲಾವಾದಿಂದ ನೇರವಾಗಿ ವಿದ್ಯುತ್ ಏಕೆ ತಯಾರಿಸುವುದಿಲ್ಲ?

ವಿದ್ಯುತ್ತಿಗೆ ಬೇಕಾದದ್ದು ಉಕ್ಕುವ ಲಾವಾ ಅಲ್ಲ, ವರ್ಷವಿಡೀ ಒಂದೇ ಸಮನೆ ಸಿಗುವ ಹಬೆ. ಲಾವಾ ಹೊರಬಿದ್ದ ಕೂಡಲೇ ಮೇಲೆ ಕಲ್ಲಿನ ಪದರ ಕಟ್ಟುತ್ತದೆ. ಕಲ್ಲು ಶಾಖವನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ. ಮೇಲಾಗಿ, ಅದು ಯಾವಾಗ ಉಕ್ಕುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ.

ಹಬೆ ಸಿಗುವುದು ಜ್ವಾಲಾಮುಖಿ ಪ್ರದೇಶದ ನೆಲದಡಿಯಲ್ಲಿ. ಬಿರುಕುಗಳಲ್ಲಿ ಇಳಿದ ಮಳೆನೀರು ಬಿಸಿಬಂಡೆಗಳ ನಡುವೆ 200–300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆದರೂ ಕುದಿಯುವುದಿಲ್ಲ, ಏಕೆಂದರೆ ಮೇಲಿನ ನೀರಿನ ಭಾರ ಅದನ್ನು ಅದುಮಿ ಹಿಡಿದಿರುತ್ತದೆ. ಕುಕ್ಕರ್‌ನೊಳಗಿನ ನೀರು 100 ಡಿಗ್ರಿ ದಾಟಿಯೂ ನೀರಾಗಿಯೇ ಉಳಿಯುತ್ತದಲ್ಲ, ಹಾಗೆ. ಕೊಳವೆಬಾವಿ ಕೊರೆದರೆ ಆ ನೀರು ಮೇಲೇರುತ್ತ ಒತ್ತಡ ಕಳೆದುಕೊಂಡು, ಒಂದು ಭಾಗ ಥಟ್ಟನೆ ಹಬೆಯಾಗುತ್ತದೆ. ಟರ್ಬೈನ್ ತಿರುಗಿಸುವುದು ಅದೇ. ಉಳಿದ ನೀರನ್ನು ಸಾಮಾನ್ಯವಾಗಿ ಮತ್ತೆ ನೆಲದೊಳಕ್ಕೇ ಇಳಿಸುತ್ತಾರೆ.

ಹಾಗಾದರೆ ಕರಗಿದ ಬಂಡೆಯ ಹತ್ತಿರಕ್ಕೇ ಹೋದರೆ? ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ ಇದು ಆಕಸ್ಮಿಕವಾಗಿ ನಡೆದೇಹೋಯಿತು. ನನಗೆ ಈ ವಿಷಯದಲ್ಲಿ ಅತ್ಯಂತ ರೋಮಾಂಚಕವೆನಿಸುವ ಘಟನೆ ಇದು. 2009ರಲ್ಲಿ ಅಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಸುಮಾರು 2.1 ಕಿಲೋಮೀಟರ್ ಆಳದಲ್ಲಿ ಶಿಲಾಪಾಕಕ್ಕೇ, ಅಂದರೆ ಕರಗಿದ ಬಂಡೆಗೇ, ತಾಗಿತು. ಕೊರೆದ ಪುಡಿಯೊಂದಿಗೆ ಗಾಜಿನ ಚೂರುಗಳು ಮೇಲೆ ಬಂದವು: ತಣ್ಣೀರು ತಗುಲಿ ಆ ಕ್ಷಣದಲ್ಲೇ ಹೆಪ್ಪುಗಟ್ಟಿದ ಶಿಲಾಪಾಕ. ಮುಂದೆ ಅದೇ ಬಾವಿಯಿಂದ ಸುಮಾರು 450 ಡಿಗ್ರಿಯ ಹಬೆ ಹೊಮ್ಮಿತು. ಸಾಮಾನ್ಯ ಬಾವಿಗಿಂತ ಹಲವು ಪಟ್ಟು ಶಕ್ತಿ ಅದರಲ್ಲಿತ್ತು. ಆದರೆ ಅಷ್ಟು ಬಿಸಿಯಾದ, ಆಮ್ಲಭರಿತ ಹಬೆಯನ್ನು ಉಪಕರಣಗಳು ತಾಳಲಿಲ್ಲ. ಕವಾಟ ಕೆಟ್ಟು 2012ರಲ್ಲಿ ಬಾವಿಯನ್ನು ಮುಚ್ಚಬೇಕಾಯಿತು.