ಓದುವ ಸರದಿಗೆ ಹೆದರಿ ಸತ್ಯವೇದ ಕೂಟ ಬಿಟ್ಟ ತಾಯಿ

ಗುರುತು ಸಿಗದ ಹಾಗೆ ವಯಸ್ಸು, ಮನೆಯ ವಿವರ, ಸಭೆಯ ಹೆಸರುಗಳನ್ನು ಬಿಟ್ಟಿದ್ದೇವೆ ಅಥವಾ ಬದಲಿಸಿದ್ದೇವೆ.

ಗದಗದ ಕಡೆಯ ತಾಯಿ, ಅರವತ್ತರ ಆಸುಪಾಸು. ಪತಿ ತೀರಿಕೊಂಡ ಮೇಲೆ ಬೆಂಗಳೂರಿನ ಮಗನ ಮನೆಗೆ ಬಂದು, ಸಮೀಪದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗೆ ಸೇರಿಕೊಂಡರು. ಮೊದಲ ಕೆಲವು ತಿಂಗಳು ಭಾನುವಾರದ ಆರಾಧನೆ, ಅದು ಮುಗಿದ ಮೇಲಿನ ಹಿರಿಯರ ಸತ್ಯವೇದ (ಬೈಬಲ್) ಅಧ್ಯಯನ, ಬುಧವಾರದ ಸ್ತ್ರೀಯರ ಅನ್ಯೋನ್ಯ ಕೂಟ, ಯಾವುದನ್ನೂ ತಪ್ಪಿಸಿದವರಲ್ಲ. ಮೊದಲು ನಿಂತದ್ದು ಅಧ್ಯಯನ. ಆಮೇಲೆ ಬುಧವಾರದ ಕೂಟ. ಕೊನೆಗೆ ಮಂಡಿನೋವು ಎಂದು ಆರಾಧನೆಗೂ ಹೋಗದಾದರು. "ಅಪ್ಪ ಹೋದ ಮೇಲೆ ಅಮ್ಮ ಡಿಪ್ರೆಷನ್‌ಗೆ ಹೋಗಿದ್ದಾರೆ ಅನ್ಸುತ್ತೆ, ಸ್ವಲ್ಪ ಧೈರ್ಯ ಹೇಳಿ" ಎಂದು ಮಗನೇ ಅವರನ್ನು ಸಲಹೆಗಾರರಾದ ನಮ್ಮ ಬಳಿಗೆ ಕರೆತಂದರು.

ಮೊದಲ ಭೇಟಿಯಲ್ಲಿ ವಿವರ ತುಂಬುವ ಹಾಳೆ ಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡಿ ಮಗನ ಕೈಗೆ ದಾಟಿಸಿದರು. "ಚಸ್ಮಾ ಮರತ ಬಂದೇನ್ರಿ." ಕನ್ನಡಕ ದಾರಕ್ಕೆ ಕಟ್ಟಿ ಕೊರಳಲ್ಲೇ ತೂಗುತ್ತಿತ್ತು. ಇಂಥ ಹೊತ್ತಿನಲ್ಲಿ ಸಲಹೆಗಾರರು ಏನೂ ಆಡಬಾರದು. ಮಗನನ್ನು ಹೊರಗೆ ಕೂರಿಸಿ, ಪ್ರಶ್ನೆಗಳನ್ನು ನಾವೇ ಓದಿ ಹೇಳಿದೆವು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 6 ಬಂತು. 5ರಿಂದ 9ರವರೆಗೆ ಸೌಮ್ಯ ಎಂದು ಲೆಕ್ಕ. ನಿದ್ದೆ, ಊಟ ಸರಿಯಾಗಿದ್ದವು. ಸಾವಿನ ಯೋಚನೆಯ ಪ್ರಶ್ನೆಗೆ ಇಲ್ಲ ಎಂದರು. ಪತಿಯ ದುಃಖ ಇತ್ತು, ಇರಬೇಕಾದದ್ದೇ. ಆದರೆ ಸಭೆಯಿಂದ ದೂರವಾದದ್ದಕ್ಕೆ ಆ ದುಃಖ ಕಾರಣವಾಗಿರಲಿಲ್ಲ.

"ಎಷ್ಟನೇ ಕ್ಲಾಸು ಓದಿದ್ದೀರಿ" ಎಂಬ ಪ್ರಶ್ನೆಗೆ ಸಂಖ್ಯೆಯ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು "ಓದುವಾಗ ಎಲ್ಲಿ ತಡೆಯುತ್ತೆ ಅಮ್ಮಾ?" ಎಂದು ಕೇಳಿದೆವು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಬಸ್ಸಿನ ನಂಬರು, ಅಂಗಡಿಯ ಬೋರ್ಡು, ಪತ್ರಿಕೆಯ ದಪ್ಪ ತಲೆಬರಹ ಓದುತ್ತಾರೆ. ಒತ್ತಕ್ಷರ ಬಂದರೆ ನಿಲ್ಲುತ್ತಾರೆ, ಅದರಲ್ಲೂ ಅರ್ಕಾವೊತ್ತು. ಉಚ್ಚಾರದಲ್ಲಿ ಮೊದಲು ಬರುವ ರಕಾರದ ಗುರುತು ಬರಹದಲ್ಲಿ ಅಕ್ಷರದ ಆಚೆ ಕೂರುವುದರಿಂದ ರೂಢಿ ತಪ್ಪಿದವರಿಗೆ ಅದು ಸದಾ ತೊಡಕು. ಅವರ ಸತ್ಯವೇದ ಎರಡು ಕಾಲಮ್ಮಿನ ಸಣ್ಣ ಅಚ್ಚಿನದು. ಊರಿನ ಸಭೆಯಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ. ಸಂಗೀತಗಳೂ (ಆರಾಧನೆಯ ಹಾಡುಗಳು) ಸತ್ಯವೇದದ 23ನೇ, 121ನೇ ಕೀರ್ತನೆಗಳೂ ಬಾಯಿಪಾಠ, ಪುಸ್ತಕ ಕೈಯಲ್ಲಿ ಇದ್ದರೆ ಸಾಕಿತ್ತು.

ಬೆಂಗಳೂರಿನ ಅಧ್ಯಯನದಲ್ಲಿ ಸುತ್ತ ಕುಳಿತವರು ಒಬ್ಬೊಬ್ಬರು ಒಂದೊಂದು ವಚನ ಓದುವ ಪದ್ಧತಿ. ಅವರು ತಮ್ಮ ಪಾಳಿಯ ವಚನ ಯಾವುದೆಂದು ಮುಂದಾಗಿ ಎಣಿಸಿ, ಅದನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದರು. ಉಳಿದವರು ಓದಿದ್ದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಕ್ರಿಸ್‌ಮಸ್‌ಗೆ ಮೊದಲು ಮತ್ತಾಯನ ಸುವಾರ್ತೆಯ ಒಂದನೇ ಅಧ್ಯಾಯದ, ಯೇಸುವಿನ ವಂಶಾವಳಿ ನಡೆದಾಗ ಪಕ್ಕದವರೊಬ್ಬರು ತಮ್ಮ ವಚನ ಬಿಟ್ಟರು, ಲೆಕ್ಕ ತಪ್ಪಿತು, ಜೆರುಬ್ಬಾಬೆಲ ಎಂಬ ಹೆಸರಿರುವ ವಚನ ಇವರ ಪಾಲಿಗೆ ಬಂತು. ಒಬ್ಬ ಯುವಕ ತಿದ್ದುತ್ತಾ ಹೋದ, ಯಾರೋ ನಕ್ಕರು. "ಮನ್ಯಾಗ ಒಬ್ಬಾಕಿನ ಕುಂತ್ರ ತಡಾ ಆದ್ರೂ ಓದ್ತೀನ್ರಿ. ಮಂದಿ ಮುಂದ ಪಾಳಿ ಬಂತಂದ್ರ ಎದಿ ಡವಡವ ಅಂತೈತಿ, ಅಕ್ಷರ ಎಲ್ಲಾ ಕೂಡಿದಂಗಾಗತೈತಿ." ಮುಂದಿನ ವಾರದಿಂದ ಅವರು ಹೋಗಲಿಲ್ಲ. ಬುಧವಾರದ ಕೂಟದಲ್ಲೂ ಓದಿಸಿಬಿಟ್ಟರೆ ಎಂಬ ಅಂಜಿಕೆ ಅದನ್ನೂ ನಿಲ್ಲಿಸಿತು.

ಈ ನಾಚಿಕೆ ಎಷ್ಟು ಭಾರ ಎನ್ನುವುದನ್ನು ಸಭೆಯವರು ತಿಳಿಯಬೇಕು. ಇಡೀ ಸತ್ಯವೇದ ಬಳ್ಳಾರಿಯಲ್ಲಿ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಹೋಗಿ, ನೆಲೆನಿಂತ ಕಡೆ ಶಾಲೆಗಳನ್ನು ತೆರೆಯಿತು. ನಾವು ಓದುವ ಜನ ಎಂಬ ಹೆಮ್ಮೆ ಈ ಸಭೆಗಳಲ್ಲಿ ತಲೆಮಾರುಗಳಿಂದ ಬಂದದ್ದು, ನ್ಯಾಯವಾದದ್ದೂ ಹೌದು. ಆದರೆ ಅದೇ ಹೆಮ್ಮೆಯ ನಡುವೆ ಓದಲು ತಡವರಿಸುವ ಸದಸ್ಯೆಗೆ ತನ್ನ ವಿಶ್ವಾಸವೇ ಕಡಿಮೆ ಎನ್ನಿಸಿಬಿಡುತ್ತದೆ. ಈ ತಾಯಿಗೂ ಹಾಗೇ ಅನ್ನಿಸಿತ್ತು.

ಅವರಿಗೆ ನಾವು ಮೊದಲು ಹೇಳಿದ್ದು ಕಣ್ಣಿನ ಪರೀಕ್ಷೆ. ಕೊರಳಲ್ಲಿದ್ದದ್ದು ಪರೀಕ್ಷೆ ಮಾಡಿಸದೆ ಅಂಗಡಿಯಲ್ಲಿ ತೆಗೆದುಕೊಂಡ ಸಿದ್ಧ ಕನ್ನಡಕ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಸಹಜ. ಎರಡು ಕಣ್ಣಿಗೆ ಬೇರೆ ಬೇರೆ ಪವರ್ ಬೇಕಾದವರಿಗೆ ಸಿದ್ಧ ಕನ್ನಡಕ ಹೊಂದುವುದಿಲ್ಲ, ಪೊರೆ ಬಲಿತಿದ್ದರೆ ಯಾವ ಕನ್ನಡಕವೂ ಸಾಲದು. ಕಣ್ಣಿನ ತೊಂದರೆ ಎಷ್ಟು, ಓದಿನ ತೊಂದರೆ ಎಷ್ಟು ಎಂದು ಬೇರ್ಪಡಿಸದೆ ಕಲಿಸಲು ಕೂರುವುದು ವ್ಯರ್ಥ ಶ್ರಮ.

ಓದಿಗೆ ಆರಿಸಿದ್ದು 23ನೇ ಕೀರ್ತನೆ, ದೊಡ್ಡಕ್ಷರದಲ್ಲಿ, 18 ಪಾಯಿಂಟ್‌ನಲ್ಲಿ ಅಚ್ಚು ಹಾಕಿಸಿ. ಬಾಯಿಪಾಠ ಇರುವ ಪಠ್ಯದಲ್ಲಿ ಧ್ವನಿ ಮೊದಲೇ ಗೊತ್ತಿರುತ್ತದೆ, ಬೆರಳಿಟ್ಟು ಸಾಗುತ್ತಾ ಅಕ್ಷರವನ್ನು ಆ ಧ್ವನಿಗೆ ಕೂಡಿಸಿದರಾಯಿತು. ಕಾರ್ಗತ್ತಲು ಎಂಬಲ್ಲಿ ಬಾಯಿ ತಡೆಯುವುದಿಲ್ಲ, ಹಾಗಾಗಿ ಕಣ್ಣು ಅರ್ಕಾವೊತ್ತನ್ನು ಗುರುತಿಸಲು ಕಲಿಯುತ್ತದೆ. ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ಒತ್ತಕ್ಷರ. ಹೆಚ್ಚು ಬೇಡ. ಹೊಸ ಅಧ್ಯಾಯವನ್ನು ಓದಿಗಿಂತ ಮೊದಲು ಕಿವಿಗೆ ಹಾಕಿಕೊಳ್ಳಬೇಕು: ಸತ್ಯವೇದದ ಕನ್ನಡ ಆಡಿಯೊ ಮೊಬೈಲ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಆ ವಾರದ ಭಾಗವನ್ನು ಕೂಟಕ್ಕೆ ಮೊದಲು ಮೂರು ಸಲ ಕೇಳಲಿ. ಕಲಿಸುವವರು ಮೊಮ್ಮಕ್ಕಳಾಗುವುದು ಬೇಡ ಎಂದೆವು. ಮಗು ಪ್ರೀತಿಯಿಂದಲೇ ಕಲಿಸುತ್ತದೆ, ಆದರೆ ಅದೇ ಪ್ರೀತಿಯಿಂದ ಭಾನುವಾರ ಶಾಲೆಯಲ್ಲಿ ಎಲ್ಲರಿಗೂ ಹೇಳಿಬಿಡುತ್ತದೆ. ಸ್ತ್ರೀಯರ ಕೂಟದಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರನ್ನು ಅವರೇ ಆರಿಸಿಕೊಂಡರು. ಅಕ್ಷರವೇ ಬಾರದವರು ಸಭೆಯಲ್ಲಿದ್ದರೆ ದಾರಿ ಬೇರೆ: ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮ 'ಉಲ್ಲಾಸ್' 2022ರಿಂದ 2027ರ ಅವಧಿಯದು, 15 ವರ್ಷ ಮೇಲ್ಪಟ್ಟವರಿಗಾಗಿ, ಸ್ವಯಂಸೇವಕರಿಂದ ನಡೆಯುವಂಥದು. ವಾರದ ದಿನಗಳಲ್ಲಿ ಖಾಲಿ ಬೀಳುವ ಸಭಾಂಗಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಕಾಣೆವು.

ಮಗ ಸೊಸೆಗೆ ಹೇಳಿದ್ದು ಕಡಿಮೆ. ಹೋಗು ಹೋಗು ಎಂದು ಒತ್ತಾಯ ಮಾಡಬೇಡಿ, ರಾತ್ರಿ ಎಂಟೂವರೆಗೆ ಮುಗಿಯುವ ಕೂಟದಿಂದ ಮನೆಗೆ ಯಾರ ಜೊತೆ ಬರುತ್ತಾರೆ ಎಂಬುದನ್ನು ಮೊದಲು ನಿಶ್ಚಯಿಸಿ. ಹಗಲಿನ ಕೂಟಕ್ಕೆ ಬಿಎಂಟಿಸಿ ಸಾಮಾನ್ಯ ಬಸ್ಸಿದೆ. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಂಬರು ಅವರಿಗೆ ಓದಲು ಬರುತ್ತದೆ. ಎರಡು ವಾರ ಮೀರಿ ನಿದ್ದೆ, ಊಟ ಕೆಟ್ಟರೆ ಅಥವಾ ಬದುಕು ಸಾಕು ಎಂಬ ಮಾತು ಬಂದರೆ ಕೂಟದ ವಿಷಯ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಭಾಪಾಲಕರಾದ ಅಯ್ಯನವರ ಬಳಿ ಮಾತಾಡಲು ಆ ತಾಯಿಯ ಒಪ್ಪಿಗೆ ಪಡೆದೆವು, ಏನು ಹೇಳುತ್ತೇವೆ ಎಂಬುದನ್ನು ಮೊದಲು ಅವರಿಗೇ ಹೇಳಿ ತೋರಿಸಿದೆವು. "ಈ ಅಮ್ಮನನ್ನು ಓದಲು ಕರೆಯಬೇಡಿ" ಎಂದು ನಾವು ಕೇಳಲಿಲ್ಲ. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಗುಟ್ಟು ಒಂದೇ ವಾರದಲ್ಲಿ ಬಯಲು. ಎಲ್ಲರಿಗೂ ಅನ್ವಯಿಸುವ ಹಾಗೆ ಪದ್ಧತಿಯನ್ನೇ ಬದಲಿಸಬೇಕು. ಸತ್ಯವೇದದ ನೆಹೆಮೀಯ ಪುಸ್ತಕದ ಎಂಟನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಬಲ್ಲ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾನೆ, ದೇವಾಲಯದ ಸೇವಕರಾದ ಲೇವಿಯರು ಅರ್ಥ ಬಿಡಿಸುತ್ತಾರೆ, ಜನ ಕಿವಿಗೊಟ್ಟು ಕೇಳುತ್ತಾರೆ. ಕೇಳುವವನು ಕಡಿಮೆ ದರ್ಜೆಯ ಕಲಿಯುವವನಲ್ಲ ಎನ್ನಲು ಅಯ್ಯನವರಿಗೆ ಬೇರೆ ಆಧಾರ ಬೇಕಿರಲಿಲ್ಲ.

ಸದಸ್ಯರ ಮನೆಗಳಲ್ಲಿ ಸರದಿಯಂತೆ ನಡೆಯುವ ಮನೆಕೂಟಗಳಿಗೆ ಒಪ್ಪಿಕೊಂಡ ಕ್ರಮ ಹೀಗೆ. ಎಂಟರಿಂದ ಹನ್ನೆರಡು ಜನ, ಎಪ್ಪತ್ತೈದು ನಿಮಿಷ. ಎರಡು ಸಂಗೀತ. ಓದುವವರು ಇಬ್ಬರು, ಅವರಿಗೆ ಮೂರು ದಿನ ಮುಂಚೆ ಹೇಳಿರಬೇಕು. ಇಬ್ಬರೂ ಅದೇ ಭಾಗವನ್ನು ಒಬ್ಬರಾದ ಮೇಲೆ ಒಬ್ಬರು ಓದುತ್ತಾರೆ, ಎರಡನೇ ಸಲ ಕೇಳುವ ಎಲ್ಲರ ಪುಸ್ತಕ ಮುಚ್ಚಿರುತ್ತದೆ. ಪಕ್ಕದವರ ಜೊತೆ ಐದು ನಿಮಿಷ ಮಾತು, ಆಮೇಲೆ ಎಲ್ಲರೂ ಸೇರಿ ಅರ್ಧ ಗಂಟೆ. ಹೆಸರು ಹಿಡಿದು "ನೀವು ಹೇಳಿ" ಎನ್ನುವ ಹಾಗಿಲ್ಲ. ಪ್ರಾರ್ಥನೆ, ಚಹಾ. ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಬ್ಬ ಹಿರಿಯರು ನಲವತ್ತು ನಿಮಿಷ ಪ್ರಸಂಗ ಮಾಡಿಬಿಡುತ್ತಾರೆ. ಅದಕ್ಕೆ ನಡೆಸುವವರು ಪ್ರತಿವಾರ ಬದಲಾಗಬೇಕು. ಇನ್ನೊಂದು ತಿಂಡಿ. ಒಂದು ಮನೆಯಲ್ಲಿ ಪಪ್ಸ್, ಮುಂದಿನ ಮನೆಯಲ್ಲಿ ಪಪ್ಸ್ ಜೊತೆಗೆ ಕೇಕು, ಅದರ ಮುಂದಿನ ಮನೆಯಲ್ಲಿ ಬಿರಿಯಾನಿ. ಬಾಡಿಗೆಯ ಒಂದೇ ಕೋಣೆಯಲ್ಲಿರುವವರು ಕೂಟವನ್ನು ತಮ್ಮ ಮನೆಗೆ ಕರೆಯುವುದನ್ನೇ ಬಿಡುತ್ತಾರೆ, ಕ್ರಮೇಣ ಬರುವುದನ್ನೂ ಬಿಡುತ್ತಾರೆ. ಚಹಾ ಬಿಸ್ಕತ್ತು ಮಾತ್ರ ಎಂದು ಸಭಾ ಸಮಿತಿಯೇ ನಿಯಮ ಮಾಡಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಹೊಸಬರಿಗೆ ಬೇಗ ಒಂದು ಕೆಲಸ ಕೊಡಿ ಎಂದೂ ಹೇಳಿದೆವು, ಆದರೆ ಅದು ಅಡುಗೆಮನೆಯ ಕೆಲಸ ಆಗಬಾರದು. ಶೇಂಗಾ ಹೋಳಿಗೆ ಚೆನ್ನಾಗಿ ಮಾಡುತ್ತಾರೆಂದು ಸಭೆಯ ಸುಗ್ಗಿ ಹಬ್ಬದ ಹರಾಜಿಗೆ ಇವರಿಂದ ಮಾಡಿಸಲು ಕೂಟದವರಿಗೆ ಆತುರ. ಮಾಡಲಿ, ಅದರಲ್ಲಿ ಅವರಿಗೂ ಖುಷಿಯಿದೆ. ಆದರೆ ಪಾಠದ ಹೊತ್ತಿಗೆ ಒಲೆಯ ಮುಂದೆ ನಿಂತವರು ವರ್ಷ ಕಳೆದರೂ ಕೂಟದ ಹೊರಗೇ ಉಳಿಯುತ್ತಾರೆ. ಇವರಿಗೆ ಸಿಕ್ಕ ಕೆಲಸ ಸಂಗೀತ ಎತ್ತಿಕೊಡುವುದು. ಹಳೆಯ ರಾಗಗಳು ಅಲ್ಲಿ ಅವರಷ್ಟು ಬಲ್ಲವರು ಇರಲಿಲ್ಲ.

ಆರು ತಿಂಗಳ ನಂತರ: ಮನೆಕೂಟ, ಆರಾಧನೆ ತಪ್ಪಿಸುವುದಿಲ್ಲ. 23 ಮುಗಿದು 121 ನಡೆದಿದೆ, ಗಟ್ಟಿಯಾಗಿ ಓದಿದ್ದು ಶಿಕ್ಷಕಿಯ ಮುಂದೆ ಮಾತ್ರ. ಭಾನುವಾರದ ಅಧ್ಯಯನದಲ್ಲಿ ನಡೆಸುವವರು ಪಾಳಿಯ ಓದನ್ನು ಬಿಡಲು ಒಪ್ಪಿಲ್ಲ, ಇವರು ಅಲ್ಲಿಗೆ ಮರಳಿಲ್ಲ, ಮರಳಬೇಕೆಂದು ನಾವೂ ಹೇಳಿಲ್ಲ. ಅಯ್ಯನವರು ಹಾಜರಿ ಪುಸ್ತಕಕ್ಕೆ ಒಂದು ಪದ್ಧತಿ ಸೇರಿಸಿದ್ದಾರೆ: ಯಾರೇ ಎರಡು ವಾರ ಸತತ ಬಾರದಿದ್ದರೆ ಕೂಟದ ಒಬ್ಬರೇ, ಗುಂಪು ಕಟ್ಟಿಕೊಂಡು ಅಲ್ಲ, ಮನೆಗೆ ಹೋಗಿ ಬರಬೇಕು. ಹೋದವರು ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ, ಕೂಟದಲ್ಲಿ ಯಾವುದು ಕಷ್ಟವಾಯಿತು ಎಂದು ಕೇಳುತ್ತಾರೆ.